ಮರಳಿನಡಿಯ ಗುಂಡ

ಖಾಲಿ ಗಾಜಿನ ತೊಟ್ಟಿಯನ್ನೇಕೆ ತೋರಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಇದರೊಳಗೆ ಮೂರು ಸನ್ಯಾಸಿ ಏಡಿಗಳಿವೆ (ಹರ್ಮಿಟ್ ಕ್ರ್ಯಾಬ್), ಖಾಲಿ ಶಂಖದ ಚಿಪ್ಪನ್ನೇ ಮನೆಯಾಗಿ ಹೊತ್ತು ತಿರುಗುವಂಥವು. ಒಂದು ಆ ಮರದ ತುಂಡಿನ ಹಿಂದೆ, ಇನ್ನೊಂದು ತೆಂಗಿನ ಕರಟದೊಳಗೆ. ಹಗಲು ಇವುಗಳಿಗೆ ನಿದ್ದೆಯ ಹೊತ್ತು. ಮೂರನೆಯವನು ಗುಂಡ. ಅವನು ಮರಳಿನಡಿಗೆ ಇಳಿದು ಇಂದಿಗೆ 41 ದಿನ. ಗಾಜಿನ ಮೇಲೆ ಅಂಟಿಸಿರುವ ಕಾಗದ ಕಾಣುತ್ತಿದೆಯೇ? ದಿನಕ್ಕೊಂದು ಗೆರೆ, ಒಂಬತ್ತು ವರ್ಷದ ಮಗಳ ಲೆಕ್ಕ.

ಸನ್ಯಾಸಿ ಎಂದು ಹೆಸರಿಟ್ಟವರು ಇವುಗಳ ಸಂಸಾರವನ್ನು ನೋಡಿರಲಾರರು. ಮೈ ಬೆಳೆದಂತೆ ಹೊತ್ತ ಚಿಪ್ಪು ಬಿಗಿಯಾಗುತ್ತದೆ, ಆಗ ಮನೆ ಬದಲಿಸಲೇಬೇಕು. ಕಡಲತೀರದಲ್ಲಾದರೆ ದೊಡ್ಡದು ಬಿಟ್ಟ ಚಿಪ್ಪಿಗೆ ಅದಕ್ಕಿಂತ ಚಿಕ್ಕದು, ಅದು ಬಿಟ್ಟದ್ದಕ್ಕೆ ಇನ್ನೂ ಚಿಕ್ಕದು, ಹೀಗೆ ಸಾಲಾಗಿ ಒಕ್ಕಲು ಬದಲಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಮಾತ್ರ ಹತ್ತು ಖಾಲಿ ಚಿಪ್ಪುಗಳನ್ನಿಟ್ಟರೂ ಇಬ್ಬರಿಗೂ ಬೇಕಾದದ್ದು ಒಂದೇ. ರಾತ್ರಿ ಎರಡು ಗಂಟೆಗೆ ಕೀರಲು ದನಿಯಲ್ಲಿ ಜಗಳ!

ನಾವು ಮೊದಲು ಸಾಕಿದ್ದು ಚಿಕ್ಕಿಯನ್ನು. ಮಾರಿದವರು ತಂತಿಯ ಪಂಜರ, ಬಣ್ಣ ಬಳಿದ ಚಿಪ್ಪು, ಒಂದು ಹಿಡಿ ಜಲ್ಲಿ ಕೊಟ್ಟು, ಇಷ್ಟೇ ಸಾಕು ಎಂದಿದ್ದರು. ನಾವೂ ನಂಬಿದೆವು. ಇವು ನೆಲದ ಮೇಲೆ ಬದುಕಿದರೂ ಉಸಿರಾಡುವುದು ಕಿವಿರುಗಳಿಂದಲೇ ಎಂಬುದು ಆಮೇಲೆ ತಿಳಿಯಿತು. ಕಿವಿರು ಒಣಗಿದರೆ ಏಡಿ ಮೆಲ್ಲಗೆ, ಸದ್ದಿಲ್ಲದೆ ಉಸಿರುಗಟ್ಟಿ ಸಾಯುತ್ತದೆ. ತಂತಿಯ ಪಂಜರದಲ್ಲಿ ತೇವ ಎಲ್ಲಿ ನಿಲ್ಲುತ್ತದೆ? ಈಗ ತೊಟ್ಟಿಗೆ ಮುಚ್ಚಳವಿದೆ, ತೇವಾಂಶ ಶೇ. 80ರ ಆಸುಪಾಸಿನಲ್ಲಿದೆ. ನೀರಿನ ಬಟ್ಟಲು ಎರಡು: ಒಂದರಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಅಕ್ವೇರಿಯಂನ ಸಮುದ್ರದುಪ್ಪು ಬೆರೆಸಿದ ನೀರು. ಅಡುಗೆಯ ಉಪ್ಪು ನಡೆಯುವುದಿಲ್ಲ.

ತೊಟ್ಟಿ ಬರುವ ಮೊದಲೇ ನಾವು ಇನ್ನೂ ದೊಡ್ಡ ತಪ್ಪು ಮಾಡಿದ್ದೆವು. ಚಿಕ್ಕಿ ಜಲ್ಲಿಯೊಳಗೆ ಹೂತುಕೊಂಡು ಎರಡು ವಾರವಾಗಿತ್ತು. ಸತ್ತಿರಬೇಕು ಎಂದು ನಾನೇ ಚಮಚದಿಂದ ಅಗೆದು ತೆಗೆದೆ. ಸತ್ತಿರಲಿಲ್ಲ. ಬೆಳೆಯಲೆಂದು ಹಳೆಯ ಮೈಕವಚ ಕಳಚಿಕೊಂಡು, ನೆನೆಸಿದ ಕಾಗದದಷ್ಟು ಮೆತ್ತಗಿತ್ತು. ಮೂರನೆಯ ದಿನ ಸತ್ತುಹೋಯಿತು. ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ, ವಾಸನೆಯಿಲ್ಲದಿದ್ದರೆ ಕಾಯಬೇಕು. ಈ ಒಂದು ಮಾತನ್ನು ಆಗ ಯಾರಾದರೂ ಹೇಳಿದ್ದರೆ ಸಾಕಿತ್ತು.

ಅದಕ್ಕಾಗಿಯೇ ಈಗ ಮರಳು ಇಷ್ಟು ಆಳವಾಗಿದೆ. ತೆಂಗಿನ ನಾರಿನ ಪುಡಿ ಬೆರೆಸಿ, ಗೂಡು ಕಟ್ಟಿದರೆ ಕುಸಿಯದಷ್ಟು ಒದ್ದೆ ಮಾಡಿದ್ದೇವೆ. ಒಂದು ಗೇಣು ಆಳವಾದರೂ ಬೇಕು. ಕೆಳಗೆ ಗುಂಡ ಹಳೆಯ ಕವಚ ಬಿಟ್ಟು, ಹೊಸದು ಗಟ್ಟಿಯಾಗುವವರೆಗೆ ಕತ್ತಲಲ್ಲಿ ಕುಳಿತಿರುತ್ತಾನೆ. ಬಿಟ್ಟ ಕವಚವನ್ನೇ ತಿನ್ನುತ್ತಾನೆ, ಸುಣ್ಣದಂಶ ವ್ಯರ್ಥವಾಗಬಾರದಲ್ಲ. ಮುರಿದ ಕಾಲಿದ್ದರೆ ಹೊಸದು ಮೂಡುವುದೂ ಇದೇ ಹೊತ್ತಿನಲ್ಲಿ.

ಹೊಸ ಏಡಿಗಳನ್ನು ನಾವು ಇನ್ನು ಕೊಳ್ಳುವುದಿಲ್ಲ. ಇವುಗಳ ಮರಿಗಳು ಮೊದಲ ದಿನಗಳನ್ನು ಸಮುದ್ರದ ನೀರಿನಲ್ಲೇ ಕಳೆಯಬೇಕು. ಮನೆಯಲ್ಲಿ ಅವನ್ನು ಬೆಳೆಸುವುದು ಬಹಳ ಕಷ್ಟ. ಹಾಗಾಗಿ ಅಂಗಡಿಗೆ ಬರುವ ಹೆಚ್ಚುಕಡಿಮೆ ಎಲ್ಲವೂ ತೀರದಿಂದ ಹಿಡಿದು ತಂದವು. ಈ ಮೂರೂ, ಸಾಕಿ ಬೇಸತ್ತವರು ನಮಗೆ ಕೊಟ್ಟವು. ಬೇಸರ ಬರುವುದು ಸುಲಭ: ಕರೆದರೆ ಬರುವುದಿಲ್ಲ, ಎತ್ತಿಕೊಂಡರೆ ಕೊಂಡಿಯಿಂದ ಹಿಡಿಯುತ್ತವೆ. ಆದರೆ ಆರೈಕೆ ಸರಿಯಿದ್ದರೆ 30 ವರ್ಷ ದಾಟಿ ಬದುಕಬಲ್ಲವು. ಮಗಳಿಗೆ ಆಗ ನಲವತ್ತರ ಹತ್ತಿರ. ಅವಳು ಈಗಲೇ ಕೇಳಿದ್ದಾಳೆ, "ನಾನು ಬೇರೆ ಊರಿಗೆ ಹೋದರೆ ಗುಂಡನನ್ನು ಯಾರು ನೋಡಿಕೊಳ್ಳುತ್ತಾರೆ?"

ಈ ದೃಶ್ಯ ನಿನ್ನೆ ರಾತ್ರಿ ಮೊಬೈಲಿನಲ್ಲಿ ತೆಗೆದದ್ದು. ಗಾಜಿನ ಕೆಳಮೂಲೆಯಲ್ಲಿ ಒಂದು ಪೊಳ್ಳು, ಅದರೊಳಗೆ ಒಂದು ಕಾಲು. ನೋಡಿ, ಅಲುಗಿತು! ನಾನು ಮೊಬೈಲನ್ನು ಇನ್ನೂ ಹತ್ತಿರ ಹಿಡಿಯಲು ಹೋದಾಗ ಮಗಳು ಕೈ ತಡೆದು, ಬೆಳಕು ಬೀಳಬಾರದೆಂದು ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸಿದಳು. ನಲವತ್ತೆರಡನೆಯ ಗೆರೆ ಅದರ ಮೇಲೆ ಬೀಳಲಿದೆ, ಬಿಳಿ ಸೀಮೆಸುಣ್ಣದಲ್ಲಿ.