ತೆಗೆದ ಗಂಟನ್ನು ಎಸೆಯಬೇಡಿ

ನಮಸ್ಕಾರ. ನಾನು ಪೆಥಾಲಜಿಸ್ಟ್. ನಿಮ್ಮ ಮೈಯಿಂದ ತೆಗೆದ ಗಂಟು, ಗುಳ್ಳೆ, ಚರ್ಮದ ಚೂರು ಇವನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿ ಏನಂತ ಹೇಳುವುದು ನನ್ನ ಕೆಲಸ. ಇವತ್ತು ಹೇಳುವುದು ಒಂದೇ ಮಾತು: ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸದೆ ಎಸೆಯಬೇಡಿ.

ಐವತ್ತು ದಾಟಿದ ಒಬ್ಬ ತಾಯಿ. ತಲೆಯ ಹಿಂಭಾಗದಲ್ಲಿ, ಕೂದಲ ನಡುವೆ ಕಡಲೆಕಾಳಿನಷ್ಟು ಕೆಂಪು ಗಂಟು. ನೋವಿಲ್ಲ, ಆದರೆ ಬಾಚಣಿಗೆ ತಾಗಿದರೆ ಸಾಕು ರಕ್ತ. ಮನೆಯವರು ನರಹುಲಿ ಅಂದರು. ಯಾರೋ ಸುಮ್ನೆ ಸುಟ್ಟುಬಿಡಿ ಅಂದರು, ಇನ್ಯಾರೋ ಕ್ಯಾನ್ಸರ್ ಅಂದಿದ್ದೇ ತಡ, ಪಾಪ ಅವರಿಗೆ ನಿದ್ದೆಯೇ ಹೋಯಿತು. ಪುಣ್ಯಕ್ಕೆ ಅವರ ಡಾಕ್ಟರು ಗಂಟನ್ನು ಪೂರ್ತಿ ತೆಗೆದು, ಫಾರ್ಮಲಿನ್, ಅಂದರೆ ಚೂರು ಕೊಳೆಯದಂತೆ ಕಾಪಾಡುವ ದ್ರಾವಣದ ಬಾಟಲಿಯಲ್ಲಿ ಹಾಕಿ ನನಗೆ ಕಳಿಸಿದರು.

ಗಂಟಿನ ತೆಳು ಪದರವಿಟ್ಟ ಗಾಜಿನ ಸ್ಲೈಡ್ ನೋಡಿದೆ. ಚರ್ಮದ ಮೇಲ್ಪದರದಿಂದ ಪುಟ್ಟ ಪುಟ್ಟ ಜೀವಕೋಶಗಳು ಅಗಲ ಪಟ್ಟಿಗಳಾಗಿ ಕೆಳಗಿಳಿದಿವೆ. ಎಲ್ಲವೂ ಒಂದೇ ಅಳತೆ, ಒಂದೇ ರೂಪ. ಪಕ್ಕದ ಚರ್ಮಕ್ಕೂ ಇವಕ್ಕೂ ನಡುವೆ ಗೆರೆ ಎಳೆದ ಹಾಗೆ ಗಡಿ. ಅಲ್ಲಲ್ಲಿ ಸೂಜಿ ಚುಚ್ಚಿದಂತೆ ಸಣ್ಣ ತೂತು. ಆ ತೂತು ಕಂಡಾಗ ನನಗಾದ ಖುಷಿ ಹೇಳಲಾರೆ! ಅದು ಬೆವರು ಹೊರಬರುವ ಕೊಳವೆ. ಅಂದರೆ ಇದು ಪೊರೋಮ, ಬೆವರು ಗ್ರಂಥಿಯ ಕೊಳವೆಯಿಂದ ಹುಟ್ಟುವ ನಿರಪಾಯಕಾರಿ ಗಂಟು. ಚರ್ಮರೋಗ ತಜ್ಞ ಪಿಂಕಸ್ ಮತ್ತು ಸಂಗಡಿಗರು 1956ರಲ್ಲೇ ಇದನ್ನು ವಿವರಿಸಿದ್ದಾರೆ. ಸಾಮಾನ್ಯವಾಗಿ ಕಾಣಿಸುವುದು ಅಂಗಾಲಿನಲ್ಲಿ, ಅಂಗೈಯಲ್ಲಿ, ಬೆವರು ಗ್ರಂಥಿ ಒತ್ತೊತ್ತಾಗಿರುವ ಕಡೆ. ತಲೆಯಲ್ಲಿ ಬಂದರೆ ಯಾರಿಗೆ ತಾನೆ ಹೊಳೆಯುತ್ತೆ? ಕಣ್ಣಿಗೆ ಅದು ನರಹುಲಿಯೂ ಹೌದು, ರಕ್ತನಾಳದ ಗಂಟೂ ಹೌದು, ಚರ್ಮದ ಕ್ಯಾನ್ಸರೂ ಹೌದು. ಬರೀ ನೋಡಿ ಹೇಳಲು ಆಗಲ್ಲ, ಆಗಲ್ಲ ಅಂದರೆ ಆಗಲ್ಲ.

ಅದಕ್ಕೇ ಕೇಳಿಕೊಳ್ಳುವುದು, ಪರೀಕ್ಷೆಗೆ ಕಳಿಸಿ. ಸುಟ್ಟುಬಿಟ್ಟರೆ ನನಗೆ ನೋಡಲು ಏನು ಉಳಿಯುತ್ತೆ ಹೇಳಿ?

ಟೈಮ್ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಪೊರೋಮವನ್ನು ಬುಡ ಸಮೇತ ತೆಗೆದರೆ ಅಲ್ಲಿಗೆ ಮುಗಿಯಿತು, ಬುಡ ಉಳಿದರೆ ಮತ್ತೆ ಬೆಳೆಯಬಹುದು. ವರ್ಷಗಟ್ಟಲೆ ಬಿಟ್ಟರೆ, ಅಪರೂಪಕ್ಕೆ, ಅದೇ ಕ್ಯಾನ್ಸರ್ ಆಗುವುದೂ ಉಂಟು. ರಿಪೋರ್ಟನ್ನು ಜೋಪಾನವಾಗಿಡಿ. ಅದೇ ಜಾಗದಲ್ಲಿ ಇನ್ನೊಂದು ಗಂಟು ಎದ್ದರೆ ಮೊದಲು ನಾವು ಕೇಳುವುದೇ ಹಳೆಯ ರಿಪೋರ್ಟ್. ನಮಸ್ಕಾರ.