ತಲಪಾಡಿಯ ಆಚೆಗಿನ ಪೆಟ್ರೋಲ್

ಕೇಳುಗರಿಗೆ ನಮಸ್ಕಾರ.

ನನ್ನ ಸ್ಕೂಟರಿಗೆ ಕೇರಳದ ಗಡಿಯೊಳಗಿನ ಮಂಜೇಶ್ವರದಲ್ಲಿ ಪೆಟ್ರೋಲ್ ಹಾಕಿಸಿದ್ದು ಅಪರೂಪ. ಮುಳ್ಳು ಕೆಳಗಿಳಿದರೆ ಗಾಡಿ ತಾನಾಗಿಯೇ ತಲಪಾಡಿಯ ಕಡೆ ಓಡುತ್ತದೆ. ಅಲ್ಲಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ಕೆಲವು ರೂಪಾಯಿ ಉಳಿತಾಯ. ಪೆಟ್ರೋಲ್ ಇನ್ನೂ ದೇಶಕ್ಕೆಲ್ಲ ಒಂದೇ ಆದ ಜಿಎಸ್‌ಟಿ ತೆರಿಗೆಯೊಳಗೆ ಬಂದಿಲ್ಲ, ಹಾಗಾಗಿ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. 2023ರ ಏಪ್ರಿಲಿನಲ್ಲಿ ಕೇರಳ ಸಾಮಾಜಿಕ ಭದ್ರತೆಗೆಂದು ಲೀಟರಿಗೆ 2 ರೂಪಾಯಿ ಸೆಸ್, ಅಂದರೆ ಹೆಚ್ಚುವರಿ ತೆರಿಗೆ, ಸೇರಿಸಿತು. ಉದ್ದೇಶ ಒಳ್ಳೆಯದೇ. ಆದರೂ ನಾವು ತಲಪಾಡಿಗೇ ಹೋಗುತ್ತೇವೆ, ಅಲ್ವಾ?

ಟ್ಯಾಂಕಿನಲ್ಲಿ ಕರ್ನಾಟಕದ ಪೆಟ್ರೋಲ್ ತಂದರೆ ಯಾರೂ ಕೇಳುವುದಿಲ್ಲ. ಅದೇ ಸ್ಕೂಟರಿನ ಡಿಕ್ಕಿಯಲ್ಲಿ ಕರ್ನಾಟಕದ ಮದ್ಯದ ಬಾಟಲಿ ಇದ್ದರೆ ಅಬಕಾರಿಯವರು ಹಿಡಿಯುತ್ತಾರೆ. ಕೇರಳದ ಸುಂಕ ಕಟ್ಟಿಲ್ಲವಲ್ಲ! ರಸ್ತೆ ಒಂದೇ, ಸವಾರನೂ ಒಬ್ಬನೇ. ಲಾರಿಯವರ ಪಾಡು ಮಾತ್ರ ಸುಧಾರಿಸಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಕಾಯುವ ಸಾಲು ಇಲ್ಲವಾಯಿತು.

ನಮ್ಮ ಈ ಜಾಣತನ ನೆನೆದಾಗ ನನಗೆ ಹಳೆಯ ಕೂಟಗಳ ನೆನಪಾಗುತ್ತದೆ. 1830ರ ಕೊನೆಯ ಹೊತ್ತಿಗೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಯಲ್ಲಿತ್ತು. ಕಂದಾಯ ವಿಪರೀತ, ಬೆಳೆಯೂ ಕೈಕೊಟ್ಟಿತ್ತು. ಕುಂಬಳೆ, ಮೊಗ್ರಾಲು, ಮಂಜೇಶ್ವರದ ರೈತರು ಅರ್ಜಿ ಕೊಟ್ಟರು. ಕೆಲಸ ಆಗಲಿಲ್ಲ. ಆಮೇಲೆ ಊರೂರಲ್ಲಿ ಗುಂಪು ಸೇರಿ, ಕಂದಾಯ ಕಟ್ಟುವುದಿಲ್ಲ ಎಂದು ಕೂತರು. ಅದಕ್ಕೇ ಕೂಟ ಎಂಬ ಹೆಸರು. 1831ರ ಜನವರಿಯಲ್ಲಿ ಮಂಗಳೂರಿನ ಕದ್ರಿ ದೇವಸ್ಥಾನದಲ್ಲೇ ದೊಡ್ಡ ಕೂಟ ನೆರೆಯಿತು. ಕಡಿಮೆ ಕಂದಾಯದ ಇನ್ನೊಂದು ರಾಜ್ಯ ಅವರ ಗದ್ದೆಯ ಪಕ್ಕದಲ್ಲಿ ಇರಲಿಲ್ಲ. ಇದ್ದರೂ ಗದ್ದೆಯನ್ನು ಹೊತ್ತುಕೊಂಡು ಹೋಗಲಾಗುತ್ತದೆಯೇ? ಹಾಗಾಗಿ ಬಾಯಿ ಬಿಡಲೇಬೇಕಾಯಿತು.

ನಾವಾದರೋ ಸುಮ್ನೆ ಗಡಿ ದಾಟುತ್ತೇವೆ. ತೆರಿಗೆ ಯಾಕೆ ಇಷ್ಟು, ಎಲ್ಲಿಗೆ ಹೋಯಿತು ಎಂದು ಕೇಳುವ ಗೋಜೇ ಇಲ್ಲ. ಟ್ಯಾಂಕ್ ತುಂಬಿದರೆ ಸಿಟ್ಟೂ ಇಳಿಯುತ್ತದೆ.

ನಮ್ಮ ಮನೆಯ ಹತ್ತಿರ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಅವರಿಗೆ ಸ್ಕೂಟರ್ ಇಲ್ಲ. ಕಟ್ಟಿದ ಬೀಡಿ ಕೊಡಲು ಆಟೋ ಹತ್ತುತ್ತಾರೆ. ಮೊನ್ನೆ ಕೇಳಿದರು: "ಆಟೋದವ ಪೆಟ್ರೋಲಿಗೆ ಜಾಸ್ತಿ ಆಯ್ತು ಅಂತ ಹತ್ತು ರೂಪಾಯಿ ಹೆಚ್ಚು ತಗೊಂಡ. ನಿಮಗೂ ಜಾಸ್ತಿ ಆಯ್ತಾ?"

ನಾನು ಆಗಷ್ಟೇ ತಲಪಾಡಿಯಿಂದ ಬಂದಿದ್ದೆ.

ನಮಸ್ಕಾರ.