ಕ್ಯಾಮೆರಾ ಎತ್ತೋ ಮೊದಲು ಗೋಡೆ ತುಂಬಿಸಿ: ತಂಡವಾಗಿ ಮ್ಯೂಸಿಕ್ ವಿಡಿಯೋ ಸ್ಟೋರಿಬೋರ್ಡ್ ಮಾಡೋದು ಹೇಗೆ?

[ತೆರೆಯ ಮೇಲೆ: ಖಾಲಿ ಗೋಡೆ. ನಿರೂಪಕಿ ಬಂದು ಮೊದಲ ಕಾರ್ಡ್ ಅಂಟಿಸುತ್ತಾರೆ.]

ನಮಸ್ಕಾರ. ಐದು ಜನ ವಿದ್ಯಾರ್ಥಿಗಳು ಒಂದು ಹಾಡಿಗೆ ವಿಡಿಯೋ ಮಾಡಬೇಕು ಅಂತ ಕೂತಿದ್ದಾರೆ ಅಂದ್ಕೊಳ್ಳಿ. ಒಬ್ಬರು ಹೇಳ್ತಾರೆ, "ಈ ಸಾಲಿಗೆ ಅವಳು ಬಾಗಿಲ ಹತ್ತಿರ ಒಬ್ಬಳೇ ನಿಂತಿರಬೇಕು." ಉಳಿದವರೆಲ್ಲ "ಸೂಪರ್, ಇದೇ ಫಿಕ್ಸ್" ಅಂತಾರೆ. ಆದರೆ ಐದು ಜನರ ತಲೆಯಲ್ಲೂ ಇರೋದು ಐದು ಬೇರೆ ಬೇರೆ ಬಾಗಿಲು. ಒಬ್ಬರ ಬಾಗಿಲು ಒಳಗಿನಿಂದ ಕಾಣ್ತಿದೆ, ಇನ್ನೊಬ್ಬರದು ಹೊರಗಿನಿಂದ. ಒಬ್ಬರಿಗೆ ಅವಳ ಮುಖ ಬೇಕು, ಇನ್ನೊಬ್ಬರಿಗೆ ಬೆನ್ನು. ಇದು ಬಯಲಾಗೋದು ಶೂಟಿಂಗ್ ದಿನ, ಸಂಜೆ ಬೆಳಕು ಇಳೀತಾ ಇರುವಾಗ. ಆಗ ಜಗಳ ಆಡೋಕೂ ಸಮಯ ಇರಲ್ಲ, ಬದಲಾಯಿಸೋಕೂ ಇರಲ್ಲ.

ಸ್ಟೋರಿಬೋರ್ಡ್ ಅಂದ್ರೆ ಒಂದೊಂದು ಶಾಟನ್ನೂ ಚಿತ್ರವಾಗಿ ಬರೆದು ಕ್ರಮವಾಗಿ ಜೋಡಿಸೋದು. ಅದನ್ನ ಗುಂಪಾಗಿ ಮಾಡಿದರೆ ಆ ಭಿನ್ನಾಭಿಪ್ರಾಯ ಮೊದಲೇ ಹೊರಗೆ ಬರುತ್ತೆ. ಒಂದು ಶಾಟ್ ಬೇಡ ಅನ್ನಿಸಿದರೆ ಅಲ್ಲಿ ಹೋಗೋದು ಒಂದು ಕಾಗದ ಅಷ್ಟೇ. ಚಿತ್ರ ಬರೆಯೋಕೆ ಬರುತ್ತಾ ಇಲ್ಲವಾ ಅನ್ನೋದು ಮುಖ್ಯ ಅಲ್ಲ. ಕಡ್ಡಿ ಗೊಂಬೆ ಸಾಕು. ಆದರೆ ಆ ಗೊಂಬೆ ಫ್ರೇಮ್‌ನಲ್ಲಿ ಎಷ್ಟು ದೊಡ್ಡದಿದೆ, ಯಾವ ಕಡೆ ನೋಡ್ತಿದೆ ಅನ್ನೋದು ಸ್ಪಷ್ಟವಾಗಿರಬೇಕು.

ಇದರ ಹಿನ್ನೆಲೆ ಬಗ್ಗೆ ಒಂದು ಮಾತು. ಇವತ್ತು ನಾವು ನೋಡೋ ರೂಪದ ಸ್ಟೋರಿಬೋರ್ಡ್ ಬೆಳೆದದ್ದು 1930ರ ದಶಕದ ಆರಂಭದಲ್ಲಿ, ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ. ದೃಶ್ಯಗಳನ್ನ ಬಿಡಿ ಹಾಳೆಗಳಲ್ಲಿ ಬರೆದು, ಸಾಲಾಗಿ ಬೋರ್ಡ್‌ಗೆ ಪಿನ್ ಮಾಡೋ ಪದ್ಧತಿ ಶುರು ಮಾಡಿದವರು ಅಂತ ಅಲ್ಲಿನ ವೆಬ್ ಸ್ಮಿತ್ ಅವರ ಹೆಸರು ಹೇಳ್ತಾರೆ. ನಮಗೆ ಬೇಕಾದ ವಿಷಯ ಆ ಬಿಡಿ ಹಾಳೆಗಳಲ್ಲೇ ಇದೆ. ಒಂದೇ ನೋಟ್‌ಬುಕ್‌ನಲ್ಲಿ ಒಂದರ ಕೆಳಗೊಂದು ಬರೆದರೆ ಕ್ರಮ ಬದಲಾಯಿಸೋಕೆ ಆಗಲ್ಲ, ಜೊತೆಗೆ ನೋಟ್‌ಬುಕ್ ಯಾರ ಕೈಯಲ್ಲಿದೆಯೋ ಅವರದೇ ಮಾತು ನಡೆಯುತ್ತೆ. ಕಾರ್ಡ್‌ಗಳು ಗೋಡೆ ಮೇಲಿದ್ದರೆ ಎಲ್ಲರಿಗೂ ಒಟ್ಟಿಗೆ ಕಾಣುತ್ತೆ, ಯಾರು ಬೇಕಾದರೂ ಎದ್ದು ಹೋಗಿ ಎತ್ತಿಡಬಹುದು.

[ತೆರೆಯ ಮೇಲೆ: ಹಾಡಿನ ವೇವ್‌ಫಾರ್ಮ್. ಕೆಳಗೆ ಸೆಕೆಂಡುಗಳ ಗೆರೆ.]

ಚಿತ್ರ ಬರೆಯೋ ಮೊದಲು ಹಾಡನ್ನ ಅಳೆಯಬೇಕು. ಸಿನಿಮಾದಲ್ಲಿ ಒಂದು ದೃಶ್ಯ ಉದ್ದ ಆದರೆ ಎಳೆಯಬಹುದು, ಬೇಡ ಅಂದ್ರೆ ಕತ್ತರಿಸಬಹುದು. ಮ್ಯೂಸಿಕ್ ವಿಡಿಯೋದಲ್ಲಿ ಆ ಸ್ವಾತಂತ್ರ್ಯ ಇಲ್ಲ, ಗಡಿಯಾರ ಹಾಡಿನ ಕೈಯಲ್ಲಿದೆ.

ಹಾಡು ಹಾಕಿ, ಬೀಟ್‌ಗೆ ಕೈ ತಟ್ಟುತ್ತಾ 15 ಸೆಕೆಂಡಿನಲ್ಲಿ ಎಷ್ಟು ಬೀಟ್ ಬಂತು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 25 ಬಂದರೆ ನಿಮಿಷಕ್ಕೆ 100 ಬೀಟ್, ಅಂದ್ರೆ 100 ಬಿಪಿಎಂ. ಆಗ ಒಂದು ಬೀಟ್ 0.6 ಸೆಕೆಂಡ್. ನಾಲ್ಕು ಬೀಟ್‌ಗೆ ಒಂದು ಸುತ್ತು ಅಂತ ಹಿಡಿದರೆ ಒಂದು ಸುತ್ತಿಗೆ 2.4 ಸೆಕೆಂಡ್. ಎಂಟು ಸುತ್ತಿನ ಪಲ್ಲವಿ ಇದ್ದರೆ 19.2 ಸೆಕೆಂಡ್.

ಈ ಲೆಕ್ಕ ಯಾಕೆ ಅಂದ್ರೆ, ಹಾಡು 3 ನಿಮಿಷ 20 ಸೆಕೆಂಡ್ ಇದೆ ಅಂದ್ಕೊಳ್ಳಿ, ಅಂದ್ರೆ 200 ಸೆಕೆಂಡ್. ಸರಾಸರಿ ನಾಲ್ಕು ಸೆಕೆಂಡಿಗೊಂದು ಶಾಟ್ ಇಟ್ಟರೆ 50 ಶಾಟ್ ಬೇಕು. ಎರಡೇ ಸೆಕೆಂಡಿಗೆ ಕಟ್ ಮಾಡಿದರೆ 100. ಒಂದು ದಿನದಲ್ಲಿ, ಒಂದೇ ಕ್ಯಾಮೆರಾದಲ್ಲಿ, ಮೊದಲ ಸಲ ಶೂಟ್ ಮಾಡ್ತಿರೋ ತಂಡಕ್ಕೆ 100 ಸಲ ಕ್ಯಾಮೆರಾ, ಬೆಳಕು ಹೊಸದಾಗಿ ಜೋಡಿಸೋದು ಅಂದ್ರೆ ಆಗದ ಮಾತು. ಈ ಸತ್ಯ ಮೊದಲೇ ಗೊತ್ತಾದರೆ ಎಲ್ಲಿ ಉದ್ದನೆಯ ಶಾಟ್ ಇಡಬೇಕು, ಯಾವ ಶಾಟ್‌ಗೆ ಮತ್ತೆ ಮತ್ತೆ ಬರಬೇಕು ಅಂತ ಯೋಚನೆ ಮಾಡೋಕೆ ಶುರು ಮಾಡ್ತೀರಿ.

ಈಗ ಹಾಡನ್ನ ಭಾಗ ಮಾಡಿ: ಶುರುವಿನ ಸಂಗೀತ, ಪಲ್ಲವಿ, ಮೊದಲ ಚರಣ, ಮಧ್ಯದ ವಾದ್ಯದ ತುಣುಕು, ಹೀಗೆ. ಪ್ರತಿ ಭಾಗ ಯಾವ ಸೆಕೆಂಡಿಗೆ ಶುರು, ಯಾವ ಸೆಕೆಂಡಿಗೆ ಮುಗಿಯುತ್ತೆ ಅಂತ ಒಂದೊಂದು ಪಟ್ಟಿಯಲ್ಲಿ ಬರೆದು ಗೋಡೆಯ ಮೇಲ್ತುದಿಗೆ ಅಡ್ಡಲಾಗಿ ಅಂಟಿಸಿ. ಕಾರ್ಡ್‌ಗಳು ಬರೋದು ಅದರ ಕೆಳಗೆ.

ಅದಕ್ಕೂ ಮೇಲೆ ಒಂದು ಕಾರ್ಡ್ ಇರಲಿ, ಅದರಲ್ಲಿ ಒಂದೇ ವಾಕ್ಯ: ಈ ವಿಡಿಯೋದಲ್ಲಿ ಏನಾಗುತ್ತೆ? ನಮ್ಮ ಉದಾಹರಣೆಗೆ ನಾನು ಹೀಗೆ ಬರೀತೀನಿ: "ಕಾಯುತ್ತಿದ್ದವಳು ಕಾಯೋದನ್ನ ನಿಲ್ಲಿಸ್ತಾಳೆ." ಈ ವಾಕ್ಯಕ್ಕೆ ಎಲ್ಲರೂ ಒಪ್ಪೋವರೆಗೂ ದಯವಿಟ್ಟು ಪೆನ್ಸಿಲ್ ಮುಟ್ಟಬೇಡಿ. "ಒಂಟಿತನದ ಬಗ್ಗೆ" ಅಂತ ಬರೆದರೆ ಸಾಲದು. ಒಂಟಿತನವನ್ನ ಕ್ಯಾಮೆರಾ ಹಿಡಿಯೋಕೆ ಆಗಲ್ಲ. ಕಾಯೋದನ್ನ ಹಿಡಿಯಬಹುದು, ಎದ್ದು ಹೋಗೋದನ್ನೂ ಹಿಡಿಯಬಹುದು.

[ತೆರೆಯ ಮೇಲೆ: ಐದು ಜನ, ಬೇರೆ ಬೇರೆ ಮೇಜು. ಮಾತಿಲ್ಲ. ಪೆನ್ಸಿಲ್ ಸದ್ದು ಮಾತ್ರ.]

ಇನ್ನು ಮುಂದಿನ ಹೆಜ್ಜೆಯಲ್ಲೇ ಬಹಳಷ್ಟು ತಂಡಗಳು ಎಡವೋದು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು "ಐಡಿಯಾ ಹೇಳಿ" ಅಂತ ಶುರು ಮಾಡ್ತಾರೆ. ಹಾಗೆ ಮಾಡಬೇಡಿ. ಮೊದಲು ಒಬ್ಬೊಬ್ಬರೇ ಬರೆಯಿರಿ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಟ್ಟಿಗೆ ಕೂತು ಮಾತಾಡಿದ ಗುಂಪಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ಅಷ್ಟೇ ಜನರಿಂದ ಹೆಚ್ಚು ಐಡಿಯಾ ಬಂದಿದ್ದವು. ಮುಖ್ಯ ಕಾರಣ ಏನಂದ್ರೆ, ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಸರದಿ ಬರೋಷ್ಟರಲ್ಲಿ ಹೊಳೆದದ್ದು ಜಾರಿ ಹೋಗಿರುತ್ತೆ. ಮ್ಯೂಸಿಕ್ ವಿಡಿಯೋ ತಂಡದಲ್ಲಂತೂ ಜೋರಾಗಿ ಮಾತಾಡೋ ಒಬ್ಬರು ಇದ್ದೇ ಇರ್ತಾರೆ, ಮೂಲೆಯಲ್ಲಿ ಸುಮ್ಮನೆ ಕೂತಿರೋ ಒಬ್ಬರೂ ಇರ್ತಾರೆ. ಆ ಸುಮ್ಮನಿರೋರ ಕಾರ್ಡ್ ಗೋಡೆ ಮೇಲೆ ಬರಲೇಬೇಕು ಅನ್ನೋದು ನನ್ನ ಆಸೆ.

ಹಾಡಿನ ಒಂದು ಭಾಗವನ್ನ ಮಾತ್ರ ತಗೊಂಡು, ಎಲ್ಲರೂ ಅದೇ ಭಾಗಕ್ಕೆ ಬರೆಯಿರಿ. ಕಾರ್ಡ್ ಮೇಲಿನ ಚೌಕ ನಿಮ್ಮ ವಿಡಿಯೋದ ಆಕಾರದಲ್ಲೇ ಇರಲಿ. ಅಡ್ಡ ವಿಡಿಯೋಗೆ 8 ಸೆಂಟಿಮೀಟರ್ ಅಗಲ, 4.5 ಎತ್ತರ ಅಂದ್ರೆ ಸರಿಯಾಗಿ 16:9. ಮೊಬೈಲ್‌ಗೆ ಲಂಬವಾಗಿ ನಿಂತ ಆಕಾರದ ವಿಡಿಯೋನೂ ಬೇಕು ಅಂತಿದ್ದರೆ ಈಗಲೇ ಎಚ್ಚರ: ಅಡ್ಡ ಫ್ರೇಮ್‌ನಿಂದ 9:16 ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗವೂ ಉಳಿಯಲ್ಲ. ಚೌಕದೊಳಗೆ ಆ ಪಟ್ಟಿಯನ್ನ ತೆಳುವಾಗಿ ಗೆರೆ ಎಳೆದು ಗುರುತು ಮಾಡಿ, ಮುಖ ಅದರೊಳಗೆ ಬರುತ್ತಾ ನೋಡಿ.

[ತೆರೆಯ ಮೇಲೆ: ನಾಲ್ಕು ಕಾರ್ಡ್‌ಗಳು ಒಂದೊಂದಾಗಿ ಅಂಟುತ್ತವೆ.]

ಈಗ ಗೋಡೆ ಹತ್ತಿರ ಬನ್ನಿ. ನಮ್ಮ ಹಾಡಿನಲ್ಲಿ ಒಂದು ಸಾಲು ಇದೆ ಅಂತ ಇಟ್ಕೊಳ್ಳೋಣ: "ಬಾಗಿಲು ತೆರೆದಿದೆ, ಬರುವವರಿಲ್ಲ." ಈ ಸಾಲಿಗೆ ನಾಲ್ಕು ಕಾರ್ಡ್ ಬಂದಿವೆ. ಮೊದಲನೆಯದರಲ್ಲಿ ದೂರದಿಂದ ಕಾಣೋ ಕೋಣೆ, ತೆರೆದ ಬಾಗಿಲು, ನೆಲದ ಮೇಲೆ ಉದ್ದಕ್ಕೆ ಬಿದ್ದಿರೋ ಬೆಳಕು, ಮೂಲೆಯಲ್ಲಿ ಚಿಕ್ಕದಾಗಿ ಅವಳು. ಎರಡನೆಯದು ಕ್ಲೋಸ್‌ಅಪ್: ಚಿಲಕದ ಮೇಲೆ ಅವಳ ಬೆರಳು. ಮೂರನೆಯದರಲ್ಲಿ ಅವಳು ನೇರವಾಗಿ ಕ್ಯಾಮೆರಾ ನೋಡಿ ಹಾಡ್ತಿದ್ದಾಳೆ. ನಾಲ್ಕನೆಯದರಲ್ಲಿ ಅವಳೇ ಇಲ್ಲ, ಹೊರಗಿನ ಖಾಲಿ ದಾರಿ ಮಾತ್ರ.

ನಾಲ್ಕೂ ಚೆನ್ನಾಗಿವೆ. ಆದರೆ ಆ ಸಾಲು ಇರೋದು ಎರಡು ಸುತ್ತು, ಅಂದ್ರೆ 4.8 ಸೆಕೆಂಡ್. ನಾಲ್ಕನ್ನೂ ತುರುಕಿದರೆ ತಲಾ 1.2 ಸೆಕೆಂಡ್ ಸಿಗುತ್ತೆ. ಅಷ್ಟರಲ್ಲಿ ದೂರದ ಶಾಟ್‌ನಲ್ಲಿ ಮೂಲೆಯಲ್ಲಿರೋ ಅವಳನ್ನ ನೋಡುಗರು ಹುಡುಕೋದೂ ಕಷ್ಟ. ಎರಡು ಶಾಟ್ ಹಿಡಿಸುತ್ತೆ. ಯಾವ ಎರಡು?

ಇಲ್ಲಿ ಮೇಲಿನ ಆ ಒಂದು ವಾಕ್ಯ ಕೆಲಸಕ್ಕೆ ಬರುತ್ತೆ. ಕಾಯುತ್ತಿದ್ದವಳು ಕಾಯೋದನ್ನ ನಿಲ್ಲಿಸ್ತಾಳೆ. ಹಾಡಿನ ಶುರುವಿನಲ್ಲಿ ಈ ಸಾಲು ಬಂದಾಗ ದೂರದ ಕೋಣೆ, ಆಮೇಲೆ ಖಾಲಿ ದಾರಿ. ಅವಳು ಕಾಯ್ತಿದ್ದಾಳೆ ಅನ್ನೋದು ಹೇಳದೇ ತಿಳಿಯುತ್ತೆ. ಕೊನೆಯಲ್ಲಿ ಇದೇ ಸಾಲು ಮರಳಿ ಬಂದಾಗ ಚಿಲಕದ ಮೇಲಿನ ಬೆರಳು. ಬಾಗಿಲು ಮುಚ್ಚೋದು ಅವಳೇ. ಮೊದಲ ಸಲವೇ ಚಿಲಕ ತೋರಿಸಿಬಿಟ್ಟಿದ್ದರೆ ಕೊನೆಗೆ ಏನೂ ಉಳಿದಿರ್ತಿರಲಿಲ್ಲ. ಈ ನಿರ್ಧಾರ ಹುಟ್ಟಿದ್ದು ಒಬ್ಬರ ತಲೆಯಲ್ಲಲ್ಲ, ಮೂರು ಜನರ ಕಾರ್ಡ್ ಅಕ್ಕಪಕ್ಕ ಬಂದಿದ್ದರಿಂದ.

ಮತ ಹಾಕಿ ಶಾಟ್ ಆರಿಸೋದು ನನಗೆ ಒಪ್ಪಿಗೆ ಇಲ್ಲ. "ನಿನ್ನದೊಂದು, ನನ್ನದೊಂದು" ಅಂತ ಹಂಚಿಕೊಂಡರೆ ಯಾರಿಗೂ ಬೇಜಾರಾಗಲ್ಲ, ನಿಜ. ಆದರೆ ವಿಡಿಯೋ ತುಂಡು ತುಂಡಾಗಿರುತ್ತೆ. ನಿರ್ದೇಶಕರು ಯಾರು ಅಂತ ಗೋಡೆ ಹತ್ತಿರ ಬರೋ ಮೊದಲೇ ತೀರ್ಮಾನ ಮಾಡಿ. ಎಲ್ಲರ ಮಾತೂ ಕೇಳಿ, ಕೊನೆಯ ಮಾತು ಅವರದ್ದಾಗಲಿ. ತೆಗೆದ ಕಾರ್ಡ್‌ಗಳನ್ನ ಹರಿಯಬೇಡಿ, ಗೋಡೆಯ ಒಂದು ಬದಿಗೆ ಅಂಟಿಸಿಡಿ. ಎರಡನೇ ಚರಣದಲ್ಲಿ ಕೈ ಖಾಲಿಯಾದಾಗ ಅಲ್ಲಿಂದಲೇ ಏನಾದರೂ ಸಿಗುತ್ತೆ.

ಇನ್ನೊಂದು ಸೂಚನೆ. ಸಾಹಿತ್ಯದಲ್ಲಿ ಮಳೆ ಅಂದ ತಕ್ಷಣ ಮಳೆ, ಕಣ್ಣೀರು ಅಂದ ತಕ್ಷಣ ಕಣ್ಣೀರು ಬರೆಯೋ ಅಭ್ಯಾಸ ಎಲ್ಲ ತಂಡಗಳಲ್ಲೂ ಕಾಣುತ್ತೆ. ಹಾಡು ಅದನ್ನ ಆಗಲೇ ಹೇಳಿ ಆಯ್ತು. ಹಾಡು ಹೇಳದೇ ಬಿಟ್ಟಿದ್ದನ್ನ ಚಿತ್ರ ಹೇಳಲಿ.

[ತೆರೆಯ ಮೇಲೆ: ಒಂದು ಕಾರ್ಡ್ ಹತ್ತಿರದಿಂದ. ಬಾಣದ ಗುರುತುಗಳು ಮೂಡುತ್ತವೆ.]

ಕಾರ್ಡ್ ಮೇಲೆ ಏನೇನು ಇರಬೇಕು? ಚೌಕದ ಕೆಳಗೆ ಹಾಡಿನ ಸಾಲು, ಶುರುವಾಗೋ ಸೆಕೆಂಡ್, ಎಷ್ಟು ಹೊತ್ತು, ಎಲ್ಲಿ ಶೂಟಿಂಗ್, ಅವಳು ತುಟಿ ಆಡಿಸ್ತಾಳಾ ಇಲ್ಲವಾ. ವ್ಯಕ್ತಿ ನಡೆದರೆ ಚೌಕದ ಒಳಗೆ ಬಾಣ ಹಾಕಿ. ಕ್ಯಾಮೆರಾ ಚಲಿಸಿದರೆ ಬಾಣ ಚೌಕದ ಹೊರಗೆ ಇರಲಿ. ಇಷ್ಟು ನಿಯಮ ಇಟ್ಕೊಂಡರೆ ಯಾರ ಕಾರ್ಡನ್ನ ಯಾರು ಬೇಕಾದರೂ ಓದಬಹುದು. ಕಾರ್ಡಿನ ಮೂಲೆಯಲ್ಲಿ ಬಣ್ಣದ ಚುಕ್ಕೆ ಇಡಿ: ಹಾಡೋ ಶಾಟ್‌ಗೆ ನೀಲಿ, ಕಥೆಯ ಶಾಟ್‌ಗೆ ಕೆಂಪು. ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆ ನೋಡಿದರೆ ಎಲ್ಲ ನೀಲಿ ಒಂದೇ ಕಡೆ ಗುಂಪಾಗಿದೆಯಾ, ಕಥೆ ಎಲ್ಲಿ ಕಳೆದುಹೋಗಿದೆ ಅನ್ನೋದು ಆಗ ತಾನಾಗೇ ಕಾಣುತ್ತೆ. ದಿಕ್ಕಿನ ತಪ್ಪುಗಳೂ ಸಿಕ್ಕಿಬೀಳ್ತವೆ. ಒಂದು ಕಾರ್ಡಿನಲ್ಲಿ ಅವಳು ಎಡದಿಂದ ಬಲಕ್ಕೆ ಹೊರಟು, ಮುಂದಿನದರಲ್ಲಿ ಬಲದಿಂದ ಎಡಕ್ಕೆ ನಡೆದರೆ, ನೋಡುಗರಿಗೆ ಅವಳು ವಾಪಸ್ ಬರ್ತಿದ್ದಾಳೆ ಅನ್ನಿಸುತ್ತೆ.

[ತೆರೆಯ ಮೇಲೆ: ಎಡಿಟಿಂಗ್ ಟೈಮ್‌ಲೈನ್. ಕಾರ್ಡ್‌ಗಳ ಫೋಟೋ ಹಾಡಿನ ಮೇಲೆ ಓಡುತ್ತವೆ.]

ಗೋಡೆ ತುಂಬಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಪ್ರತಿ ಕಾರ್ಡಿನ ಫೋಟೋ ತೆಗೆದು, ಎಡಿಟಿಂಗ್ ಆ್ಯಪ್‌ನಲ್ಲಿ ಹಾಡಿನ ಜೊತೆ ಜೋಡಿಸಿ, ಬರೆದಿರೋ ಅಷ್ಟೇ ಸೆಕೆಂಡ್ ಇಟ್ಟು ಓಡಿಸಿ. ಇದಕ್ಕೆ ಅನಿಮ್ಯಾಟಿಕ್ ಅಂತಾರೆ. ಸಮಯ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನ ಬಿಡಬೇಡಿ. ಗೋಡೆ ಮೇಲೆ ಸರಿಯಾಗಿ ಕಂಡಿದ್ದು ಹಾಡಿನ ಜೊತೆ ಓಡಿದಾಗ ಬೇರೆಯೇ ಆಗಿಬಿಡುತ್ತೆ. ಶುರುವಿನ ಸಂಗೀತಕ್ಕೆ ಇಟ್ಟ ಮೂರು ಶಾಟ್ ಮುಗಿದೇ ಹೋದವು, ಹಾಡುವವರ ದನಿ ಇನ್ನೂ ಬಂದೇ ಇಲ್ಲ. ಪಲ್ಲವಿಗೆ ಬರೋಷ್ಟರಲ್ಲಿ ಕಣ್ಣಿಗೆ ಸುಸ್ತು. ಪ್ರತಿ ಕಟ್ಟೂ ತಾಳಕ್ಕೆ ಸರಿಯಾಗಿ ಬಿದ್ದರೆ ಯಾಂತ್ರಿಕ ಅನ್ನಿಸುತ್ತೆ, ಕೆಲವನ್ನ ಒಂದು ಬೀಟ್ ಹಿಂದೆ ಮುಂದೆ ಸರಿಸಿ ನೋಡಿ. ಇನ್ನೂ ಒಂದು ಉಪಯೋಗ: ತಂಡದಲ್ಲಿ ಇಲ್ಲದ ಒಬ್ಬರಿಗೆ ಏನೂ ವಿವರಿಸದೆ ತೋರಿಸಿ, "ಏನಾಯ್ತು ಹೇಳಿ" ಅಂತ ಕೇಳಿ. ಅವರು "ಯಾರಿಗೋ ಕಾಯ್ತಿದ್ದಳು, ಆಮೇಲೆ ಬಾಗಿಲು ಮುಚ್ಚಿದಳು" ಅಂದರೆ ನಿಮ್ಮ ಬೋರ್ಡ್ ಗೆದ್ದ ಹಾಗೆ.

ನಂತರ ಶಾಟ್ ಲಿಸ್ಟ್, ಅಂದ್ರೆ ಯಾವ ಶಾಟ್ ಆದ ಮೇಲೆ ಯಾವುದನ್ನ ಶೂಟ್ ಮಾಡಬೇಕು ಅನ್ನೋ ಪಟ್ಟಿ. ಹಾಡಿನ ಕ್ರಮ ಇಲ್ಲಿ ಬೇಡ. ಒಂದೇ ಜಾಗದ, ಒಂದೇ ಬಟ್ಟೆಯ, ಒಂದೇ ಬೆಳಕಿನ ಕಾರ್ಡ್‌ಗಳನ್ನ ಒಟ್ಟಿಗೆ ಸೇರಿಸಿ. ಬಾಗಿಲಿನ ಮೊದಲ ಶಾಟ್ ಮತ್ತು ಕೊನೆಯ ಶಾಟ್ ಹಾಡಿನಲ್ಲಿ ಮೂರು ನಿಮಿಷ ದೂರ ಇದ್ದರೂ ಶೂಟಿಂಗ್‌ನಲ್ಲಿ ಬೆನ್ನು ಬೆನ್ನಿಗೇ ಆಗಬಹುದು.

ತುಟಿ ಆಡಿಸೋ ಶಾಟ್‌ಗಳಿಗೆ ಹಾಡನ್ನ ಸ್ಪೀಕರ್‌ನಲ್ಲಿ ಜೋರಾಗಿ ಹಾಕಿ, ಕಲಾವಿದರಿಗೆ ನಿಜವಾಗಿಯೂ ದನಿ ಎತ್ತಿ ಹಾಡೋಕೆ ಹೇಳಿ. ಬರೀ ತುಟಿ ಅಲುಗಾಡಿಸಿದರೆ ಕತ್ತಿನಲ್ಲಿ, ಉಸಿರಿನಲ್ಲಿ ಸುಳ್ಳು ಕಾಣುತ್ತೆ. ಸ್ಲೋ ಮೋಷನ್‌ನಲ್ಲಿ ಹಾಡಬೇಕು ಅಂತ ಯಾರಾದರೂ ಕಾರ್ಡ್ ಬರೆದಿದ್ದರೆ ಅದಕ್ಕೊಂದು ಉಪಾಯ ಇದೆ. ಹಾಡನ್ನ ಎರಡರಷ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಚಿತ್ರೀಕರಿಸಿ. ಆಮೇಲೆ 30 ಫ್ರೇಮ್ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಕೂದಲು, ಬಟ್ಟೆ ಎಲ್ಲ ತೇಲಿದ ಹಾಗೆ ನಿಧಾನ, ತುಟಿ ಮಾತ್ರ ಮೂಲ ಹಾಡಿಗೆ ಸರಿಯಾಗಿ ಕೂರುತ್ತೆ. ಎರಡರಷ್ಟು ವೇಗಕ್ಕೆ ಹಾಡೋದು ಸುಲಭ ಅಲ್ಲ, ಕಲಾವಿದರಿಗೆ ಮೊದಲೇ ಅಭ್ಯಾಸ ಬೇಕು. ಹಾಗಾಗಿ "ಎರಡರಷ್ಟು ವೇಗ" ಅಂತ ಆ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರಲಿ.

ಹಾಡು ನಿಮ್ಮದೇ ಅಲ್ಲದಿದ್ದರೆ ಅನುಮತಿಯ ವಿಷಯವನ್ನ ಇಷ್ಟರೊಳಗೆ ಮುಗಿಸಿರಬೇಕು. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ, ಎರಡೂ ಒಬ್ಬರ ಬಳಿಯೇ ಇರಬೇಕೆಂದಿಲ್ಲ. ಸಹಪಾಠಿಗಳು ಯಾರಾದರೂ ಹಾಡು ಕಟ್ಟುವವರಿದ್ದರೆ ಅವರ ಹಾಡನ್ನೇ ತಗೊಳ್ಳಿ. ಗೋಡೆ ಹತ್ತಿರ ಅವರೂ ನಿಲ್ಲಬಹುದು.

[ತೆರೆಯ ಮೇಲೆ: ಕಾರ್ಡ್‌ಗಳ ಮೇಲೆ ನಕ್ಷತ್ರದ ಗುರುತು ಹಾಕುತ್ತಿರುವ ಕೈ.]

ಶೂಟಿಂಗ್ ಹಿಂದಿನ ಸಂಜೆ ಎಲ್ಲರೂ ಸೇರಿ ಕಾರ್ಡ್‌ಗಳ ಮೇಲೆ ನಕ್ಷತ್ರ ಹಾಕಿ. ಇದಿಲ್ಲದೆ ಕಥೆಯೇ ಇಲ್ಲ ಅನ್ನೋ ಕಾರ್ಡ್‌ಗಳಿಗೆ ಮಾತ್ರ. ಸಮಯ ಸಾಲದೇ ಬಂದಾಗ ನಕ್ಷತ್ರ ಇಲ್ಲದ್ದನ್ನ ಬಿಡಿ, ಸೆಟ್‌ನಲ್ಲಿ ನಿಂತು ಚರ್ಚೆ ಬೇಡ. ಜೊತೆಗೆ, ಹಾಡು ಪೂರ್ತಿ ಮೊದಲಿಂದ ಕೊನೆವರೆಗೂ ಹಾಡೋ ಒಂದು ದೂರದ ಶಾಟ್, ಒಂದು ಹತ್ತಿರದ ಶಾಟ್ ಕಡ್ಡಾಯವಾಗಿ ತೆಗೆಯಿರಿ. ಎಡಿಟಿಂಗ್‌ನಲ್ಲಿ ಯಾವ ಶಾಟ್ ಕೈಕೊಟ್ಟರೂ ಅಲ್ಲಿ ಈ ಎರಡರಲ್ಲಿ ಒಂದನ್ನ ಕೂರಿಸಬಹುದು. ಒಬ್ಬರ ಕೈಯಲ್ಲಿ ಕಾರ್ಡ್‌ಗಳ ಕಟ್ಟು ಇರಲಿ, ಅವರಿಗೆ ಬೇರೆ ಯಾವ ಕೆಲಸವೂ ಬೇಡ. ಶಾಟ್ ಆದ ಹಾಗೆ ಟಿಕ್ ಹಾಕಿ, ಯಾವ ಟೇಕ್ ಚೆನ್ನಾಗಿ ಬಂತು ಅಂತ ಹಿಂದೆ ಬರೀತಾ ಹೋಗಲಿ. ಎಡಿಟಿಂಗ್‌ಗೆ ಕೂತಾಗ ಅನಿಮ್ಯಾಟಿಕ್ ಟೈಮ್‌ಲೈನ್ ಅನ್ನೇ ತೆರೆದು, ಒಂದೊಂದು ಕಾರ್ಡಿನ ಫೋಟೋ ತೆಗೆದು ಅದೇ ಜಾಗಕ್ಕೆ ನಿಜವಾದ ಶಾಟ್ ಹಾಕ್ತಾ ಬನ್ನಿ.